ಗೋಧಿ ಬಿಟ್ಟ ಅಡುಗೆಮನೆ ಮತ್ತು ಊಟಕ್ಕೆ ಮುಖ ತಿರುಗಿಸುವ ಮಗಳು

ಸೀಲಿಯಾಕ್ ಕಾಯಿಲೆಗೆ ಇಂದಿಗೂ ಇರುವ ಚಿಕಿತ್ಸೆ ಒಂದೇ: ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳನ್ನೂ ಅವುಗಳಿಂದ ಮಾಡಿದ ಎಲ್ಲ ತಿನಿಸುಗಳನ್ನೂ ಜೀವಮಾನವಿಡೀ ಬಿಡುವುದು. ದೊಡ್ಡವರಿಗಾದರೆ ಕಾರಣ ತಿಳಿಸಿ ಒಪ್ಪಿಸಬಹುದು. ಆದರೆ ಕಾಯಿಲೆ ಗೊತ್ತಾದದ್ದು ನನ್ನ ಆರು ವರ್ಷದ ಮಗಳಿಗೆ. ಅವಳು ತಿನ್ನುತ್ತಿದ್ದುದೇ ಬೆರಳೆಣಿಕೆಯ ಪದಾರ್ಥಗಳನ್ನು: ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿದ ಚಪಾತಿ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಶಾವಿಗೆ ಉಪ್ಪಿಟ್ಟು, ಮೊಸರನ್ನ, ಬಾಳೆಹಣ್ಣು, ಮತ್ತು ಹೆಂಚಿನಿಂದ ಆಗಷ್ಟೇ ತೆಗೆದ ಗರಿಗರಿ ದೋಸೆ. ಹೊಸದೇನನ್ನು ತಟ್ಟೆಗೆ ಹಾಕಿದರೂ ಮುಖ ತಿರುಗಿಸುತ್ತಿದ್ದ ಈ ಮಗುವಿನ ಪಟ್ಟಿಯ ಅರ್ಧವನ್ನೇ ಅಳಿಸಿಹಾಕಬೇಕಾಗಿತ್ತು. ಇಂಥದೇ ಸ್ಥಿತಿಯಲ್ಲಿರುವ ಬೇರೆ ತಂದೆ ತಾಯಂದಿರಿಗೆ ಉಪಯೋಗವಾದೀತೆಂದು, ನಮ್ಮ ಮೈಸೂರಿನ ಮನೆಯಲ್ಲಿ ಇದನ್ನು ಹೇಗೆ ನಡೆಸಿದೆವು, ನಡೆಸುತ್ತಿದ್ದೇವೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಈ ಕಾಯಿಲೆಯಲ್ಲಿ ಗೋಧಿಯ ಗ್ಲೂಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ. ಆಹಾರದ ಸಾರವನ್ನು ಹೀರಿಕೊಳ್ಳಲು ಅಲ್ಲಿರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಮಗು ತಿಂದರೂ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಎತ್ತರ ನಿಲ್ಲುತ್ತದೆ, ಎಷ್ಟು ಟಾನಿಕ್ ಕುಡಿಸಿದರೂ ರಕ್ತಹೀನತೆ ಬಿಡುವುದಿಲ್ಲ. ಭಾರತದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಉತ್ತರದ ಭಾಗದಲ್ಲಿ ಇದರ ಪ್ರಮಾಣ ಶೇಕಡಾ 1.2ರಷ್ಟೂ ದಕ್ಷಿಣದಲ್ಲಿ ಶೇಕಡಾ 0.1ರಷ್ಟೂ ಕಂಡುಬಂದಿತ್ತು. ಅನ್ನವೇ ಮುಖ್ಯವಾದ ನಮ್ಮ ಕಡೆ ಕಾಯಿಲೆ ಅಪರೂಪವಾದ್ದರಿಂದ ಅದರ ಹೆಸರನ್ನೇ ಕೇಳದ ಮನೆಗಳು ಬಹಳ, ಮತ್ತು ‘ನಮ್ಮ ಮಗುವೂ ಹೀಗೇ ಇದ್ದ, ಆಮೇಲೆ ಸರಿಹೋದ’ ಎಂಬ ಸಮಾಧಾನದಲ್ಲಿ ವರ್ಷಗಳು ಕಳೆದುಹೋಗುತ್ತವೆ. ಅನುಮಾನ ಬಂದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಟಿಟಿಜಿ ಎಂಬ ರಕ್ತಪರೀಕ್ಷೆ ಮತ್ತು ವೈದ್ಯರು ಬೇಕೆಂದರೆ ಎಂಡೋಸ್ಕೋಪಿ ಮುಗಿಯುವವರೆಗೆ ಮಗುವಿಗೆ ಗೋಧಿ ಬಿಡಿಸಬಾರದು. ಮೊದಲೇ ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು.

ಊಟದ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿದ್ದು ಮಕ್ಕಳ ವೈದ್ಯರು ಹೇಳಿದ ಒಂದು ಸಂಗತಿ. ಕರುಳು ಹಾಳಾದ ಮಗುವಿನಲ್ಲಿ ಕಬ್ಬಿಣ, ಸತುವುಗಳ ಕೊರತೆ ಸಾಮಾನ್ಯ. ಸತು ಕಡಿಮೆಯಾದರೆ ಹಸಿವೂ ರುಚಿಯ ಗ್ರಹಿಕೆಯೂ ಕುಂದುತ್ತವೆ. ಅದರ ಮೇಲೆ, ಉಂಡಾಗಲೆಲ್ಲ ಹೊಟ್ಟೆ ನೋವು ಬರುವ ಮಗು ಊಟವನ್ನೇ ನಂಬುವುದಿಲ್ಲ. ಹಾಗಾಗಿ ನಾವೆಲ್ಲ ಹಟ ಎಂದು ಕರೆಯುತ್ತಿದ್ದ ನಡತೆಯಲ್ಲಿ ಒಂದು ಪಾಲು ಕಾಯಿಲೆಯದ್ದೇ ಆಗಿತ್ತು. ಇದು ಮನಸ್ಸಿಗೆ ಇಳಿದ ಮೇಲೆ ಮನೆಯಲ್ಲಿ ಗದರಿಕೆ ತಾನಾಗಿಯೇ ನಿಂತಿತು. ಪಥ್ಯ ಹಿಡಿಸಿ, ವೈದ್ಯರು ಬರೆದ ಕಬ್ಬಿಣ ಮತ್ತು ಸತುವಿನ ಔಷಧ ಕೊಡುತ್ತ ಹೋದಂತೆ ಹಸಿವು ಮರಳುತ್ತದೆ. ಆ ಹಸಿವು ನಮ್ಮ ಯಾವ ಉಪಾಯಕ್ಕಿಂತಲೂ ದೊಡ್ಡ ಸಹಾಯ. ಆದರೆ ಅದು ಬರುವವರೆಗೆ ಕಾಯುವ ತಾಳ್ಮೆ ಬೇಕು; ಹೊಟ್ಟೆಯ ತೊಂದರೆಗಳು ಕೆಲವು ವಾರಗಳಲ್ಲಿ ಇಳಿದರೂ ಕರುಳು ಪೂರ್ತಿ ಮಾಯಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ.

ಹೀಗಾಗಿ ನಾವು ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಇಟ್ಟೆವು. ಗೋಧಿ ಬೇಡ ಎಂಬುದರಲ್ಲಿ ಎಳ್ಳಷ್ಟೂ ಸಡಿಲವಿಲ್ಲ. ತಟ್ಟೆಯಲ್ಲಿರುವುದನ್ನು ಎಷ್ಟು ತಿನ್ನಬೇಕು, ತಿನ್ನಲೇಬೇಕೇ ಎಂಬುದರಲ್ಲಿ ಎಳ್ಳಷ್ಟೂ ಬಲವಂತವಿಲ್ಲ. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದನ್ನು ದೊಡ್ಡವರು ತೀರ್ಮಾನಿಸಬೇಕು, ತಿನ್ನಬೇಕೇ, ಎಷ್ಟು ತಿನ್ನಬೇಕೆಂಬುದನ್ನು ಮಗುವಿಗೇ ಬಿಡಬೇಕು ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ್ದಾರೆ. ಪಥ್ಯದ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಕಟ್ಟಳೆ ನನಗೆ ಕಂಡಿಲ್ಲ. ಈಗಾಗಲೇ ಇಷ್ಟವಾದದ್ದನ್ನು ಕಳೆದುಕೊಂಡಿರುವ ಮಗುವಿನ ಬಾಯಿಗೆ ಇಷ್ಟವಿಲ್ಲದ್ದನ್ನು ತುರುಕಿದರೆ, ಅದರ ಪಾಲಿಗೆ ಪಥ್ಯವೆಂದರೆ ಶಿಕ್ಷೆಯಾಗಿಬಿಡುತ್ತದೆ.

ಮೊದಲ ವಾರಗಳಲ್ಲಿ ಹೊಸ ತಿನಿಸುಗಳ ಮಾತನ್ನೇ ಎತ್ತಲಿಲ್ಲ. ಅವಳ ಪಟ್ಟಿಯಲ್ಲಿ ಉಳಿದಿದ್ದ ಮೊಸರನ್ನ, ಬಾಳೆಹಣ್ಣು, ದೋಸೆಗಳನ್ನೇ ಧಾರಾಳವಾಗಿ ಕೊಟ್ಟೆವು. ಬೇಳೆಕಟ್ಟು, ತುಪ್ಪ, ಕಡಲೆಕಾಯಿ ಉಂಡೆಗಳನ್ನು ಪಕ್ಕದಲ್ಲಿಟ್ಟು ಸುಮ್ಮನಾಗುತ್ತಿದ್ದೆವು. ಕರುಳಿನ ಒಳಪದರ ಸವೆದಾಗ ಹಾಲಿನ ಸಕ್ಕರೆ ಸ್ವಲ್ಪ ಕಾಲ ಅರಗದೆ ಹೋಗುವುದುಂಟು. ಅವಳಿಗೂ ಹಾಗಾಗಿದ್ದರಿಂದ ಹಾಲನ್ನು ಹಿಂದಿಟ್ಟು ಮೊಸರನ್ನು ಮುಂದಿಟ್ಟೆವು. ಮೊಸರನ್ನವೇ ಪ್ರಿಯವಾದ ಮಗುವಿಗೆ ಅದು ಕಷ್ಟವೆನಿಸಲಿಲ್ಲ.

ಚಪಾತಿಯದ್ದೇ ಕಷ್ಟ. ಅವಳಿಗೆ ಬೇಕಾಗಿದ್ದದ್ದು ಗೋಧಿಯ ರುಚಿಗಿಂತ ಹೆಚ್ಚಾಗಿ ಆ ಮೆತ್ತನೆಯ ಮಡಿಕೆ, ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಸುಖ. ಕಾವಲಿಯ ಮೇಲೆ ತಟ್ಟುವ, ಈರುಳ್ಳಿ ಸಬ್ಬಸಿಗೆ ಹಾಕಿದ ಅಕ್ಕಿ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ: ಅದರಲ್ಲಿ ಹಸಿರು ಕಾಣುತ್ತದೆ, ಮತ್ತು ಅದು ಮಡಚಿದರೆ ಮುರಿಯುತ್ತದೆ. ಕೈಹಿಡಿದದ್ದು ಉಕ್ಕರಿಸಿದ ರೊಟ್ಟಿ. ಒಂದು ಲೋಟ ನೀರಿಗೆ ಉಪ್ಪು ಮತ್ತು ಒಂದು ಚಮಚ ಎಣ್ಣೆ ಹಾಕಿ ಮರಳಿಸಿ, ಅದೇ ಲೋಟದ ಅಳತೆಯಲ್ಲಿ ನುಣ್ಣನೆಯ ಅಕ್ಕಿ ಹಿಟ್ಟನ್ನು ಸುರಿದು, ಉರಿ ಸಣ್ಣ ಮಾಡಿ ಮುಚ್ಚಿಡಬೇಕು. ಆಮೇಲೆ ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ, ಬಿಸಿ ಆರುವ ಮೊದಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಗೋಧಿ ಹಿಟ್ಟನ್ನು ಹಿಡಿದಿಡುವುದು ಗ್ಲೂಟೆನ್. ಇಲ್ಲಿ ಆ ಕೆಲಸವನ್ನು ಕುದಿನೀರಿನಲ್ಲಿ ಬೆಂದ ಅಕ್ಕಿಯ ಪಿಷ್ಟ ಮಾಡುತ್ತದೆ. ನಾದುವುದು ಕಡಿಮೆಯಾದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಹದವಾಗಿ ನಾದಿದ ಉಂಡೆ ಲಟ್ಟಣಿಗೆಗೆ ಸಲೀಸಾಗಿ ಹರಡಿ, ಕಾವಲಿಯ ಮೇಲೆ ಒಮ್ಮೆ ಮಗುಚಿದ ಕೂಡಲೇ ಪೂರಿಯಂತೆ ಉಬ್ಬುತ್ತದೆ. ಬಿಳಿಯ ಬಣ್ಣವನ್ನು ನೋಡಿ ಅವಳು ಮೊದಲು ಅನುಮಾನಿಸಿದರೂ ತುಪ್ಪ ಸಕ್ಕರೆ ಸವರಿ ಸುತ್ತಿಕೊಟ್ಟಾಗ ಮುರಿಯದೆ ಉಳಿದದ್ದೇ ಅದಕ್ಕೆ ದೊಡ್ಡ ಅರ್ಹತೆಯಾಯಿತು. ಶಾವಿಗೆ ಉಪ್ಪಿಟ್ಟಿನ ಜಾಗಕ್ಕೆ ಒತ್ತು ಶಾವಿಗೆ ಬಂತು, ರವೆ ಉಪ್ಪಿಟ್ಟು ಮಾಡುತ್ತಿದ್ದಲ್ಲಿ ಅಕ್ಕಿ ತರಿ ಬಂತು. ನಮ್ಮ ಕಡೆಯ ಅಡುಗೆಯಲ್ಲಿ ಗೋಧಿ ಇಲ್ಲದ ತಿಂಡಿಗಳು ಎಷ್ಟಿವೆಯೆಂದರೆ, ಗೋಧಿಯನ್ನೇ ನಂಬಿದ ಪ್ರದೇಶದ ತಾಯಂದಿರ ಕಷ್ಟವನ್ನು ನೆನೆದು ನನಗೆ ಎಷ್ಟೋ ಸಲ ಮರುಕವಾಗಿದೆ.

ಆದರೆ ಅಕ್ಕಿಯೊಂದನ್ನೇ ನೆಚ್ಚಿದರೆ ನಾರು, ಕಬ್ಬಿಣ, ಕ್ಯಾಲ್ಸಿಯಂ ಸಾಲದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ಎಲುಬು ಬೆಳೆಯಬೇಕಾದ ಈ ಮಕ್ಕಳಿಗೆ ಅದು ಬೇಕೇ ಬೇಕು. ರಾಗಿಯ ಬಣ್ಣವೇ ಅವಳಿಗೆ ಆಗುತ್ತಿರಲಿಲ್ಲ, ಹಾಗೆಂದು ಅದನ್ನು ಬಚ್ಚಿಟ್ಟು ತಿನ್ನಿಸಲೂ ನಾವು ಒಪ್ಪಲಿಲ್ಲ. ತಟ್ಟೆಯಲ್ಲಿ ಏನಿದೆ ಎಂದು ಸದಾ ವಿಚಾರಿಸಿ ತಿನ್ನಬೇಕಾದ ಮಗುವಿಗೆ ಮನೆಯವರೇ ಮರೆಮಾಚುತ್ತಾರೆ ಎಂಬ ಅನುಮಾನ ಹುಟ್ಟಬಾರದು. ಅವಳೆದುರಿಗೇ ದೋಸೆ ಹಿಟ್ಟಿಗೆ ಒಂದು ಚಮಚ ರಾಗಿ ಹಿಟ್ಟು ಬೆರೆಸಿ, ಅಂಗೈಯಗಲದ ಪುಟ್ಟ ದೋಸೆ ಹುಯ್ದು, ಅವಳ ಮಾಮೂಲಿ ದೋಸೆಯ ಪಕ್ಕದಲ್ಲಿ ಇಡುತ್ತಿದ್ದೆವು. ತಿಂದೆಯಾ ಎಂದು ಕೇಳುತ್ತಿರಲಿಲ್ಲ, ತಿಂದರೆ ಹೊಗಳುತ್ತಲೂ ಇರಲಿಲ್ಲ. ಮಗು ಒಂದು ಹೊಸ ರುಚಿಯನ್ನು ಒಪ್ಪಲು ಎಂಟರಿಂದ ಹದಿನೈದು ಸಲ ಅದನ್ನು ಎದುರಿಸಬೇಕಾಗಬಹುದು ಎಂಬುದು ಮಕ್ಕಳ ಆಹಾರವನ್ನು ಅಧ್ಯಯನ ಮಾಡಿದವರು ಕಂಡುಕೊಂಡ ವಿಷಯ. ಬಹಳಷ್ಟು ಮನೆಗಳಲ್ಲಿ ಮೂರನೆಯ ಸಲಕ್ಕೇ ‘ಇವಳಿಗೆ ಸೇರುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಮುಟ್ಟಿ ನೋಡುವುದು, ಮೂಸಿ ನೋಡುವುದು, ಚೂರು ಕಚ್ಚಿ ಉಗುಳುವುದು, ಎಲ್ಲವೂ ಆ ಎಣಿಕೆಗೆ ಸೇರುತ್ತದೆ. ಗರಿಗರಿ ಅಂಚಿನಿಂದ ಶುರುವಾದ ರಾಗಿ ದೋಸೆ ಈಗ ಅವಳ ಬೆಳಗಿನ ತಿಂಡಿ. ಮುದ್ದೆಯನ್ನು ಇನ್ನೂ ಒಪ್ಪಿಲ್ಲ.

ಕಣ್ಣಿಗೆ ಕಾಣುವ ಗೋಧಿಯನ್ನು ಬಿಡುವುದು ಸುಲಭ, ಕಾಣದ ಗೋಧಿಯದ್ದೇ ಪಾಡು. ನಮ್ಮ ಅಡುಗೆಮನೆಗಳಲ್ಲಿ ಅದರ ಮೊದಲ ಅಡಗುತಾಣ ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಗೋಂದು ಮತ್ತು ಹಿಟ್ಟು ಬೆರೆಸಿದ್ದು, ಆ ಹಿಟ್ಟು ಎಷ್ಟೋ ಕಡೆ ಗೋಧಿಯದ್ದು ಅಥವಾ ಮೈದಾ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಇಂಗು ಬಿದ್ದಲ್ಲೆಲ್ಲ, ಅಂದರೆ ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳಗಳಲ್ಲೆಲ್ಲ, ಅದು ಹಿಂಬಾಲಿಸುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ನಾವು ಅದಕ್ಕೆ ಬದಲಾಯಿಸಿ, ಪುಡಿಗಳನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇವೆ. ಎರಡನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಅದು ಈ ಮಕ್ಕಳ ಪಾಲಿಗೆ ಗೋಧಿ ಬೆರೆತ ರಾಗಿ. ಧಾನ್ಯ ತಂದು, ಮೊರದಲ್ಲಿ ಹರವಿ ಗೋಧಿ ಕಾಳಿದ್ದರೆ ಆರಿಸಿ, ತೊಳೆದು ಒಣಗಿಸಿ, ಮನೆಯ ಚಿಕ್ಕ ಗಿರಣಿಯಲ್ಲೇ ಬೀಸಿಕೊಳ್ಳುತ್ತೇವೆ. ಮರದ ಲಟ್ಟಣಿಗೆ, ಮಣೆಗಳನ್ನು ಹೊಸದಾಗಿ ತಂದೆವು. ಹೋಟೆಲಿನ ಇಡ್ಲಿ ಸಾಮಾನ್ಯವಾಗಿ ಅಕ್ಕಿ ಉದ್ದಿನದ್ದೇ ಆದರೂ ಸಾಂಬಾರಿಗೆ ಇಂಗು ಬಿದ್ದಿರುತ್ತದೆ. ಮೆಣಸಿನಕಾಯಿ ಬಜ್ಜಿ ಕಡಲೆ ಹಿಟ್ಟಿನದ್ದಾದರೂ ಅದೇ ಎಣ್ಣೆಯಲ್ಲಿ ಮೈದಾದ ಗೋಳಿಬಜೆ ಕರಿದಿರುತ್ತಾರೆ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಬಾರ್ಲಿಯದೇ ಮಾಲ್ಟ್. ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ‘ಗ್ಲೂಟೆನ್ ಮುಕ್ತ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಬಾರದು. ಹಾಗೆ ಮುದ್ರಿಸಿದ ಬಿಸ್ಕತ್ತುಗಳು ದುಬಾರಿ, ನಾರಿನಂಶವೂ ಹಲವದರಲ್ಲಿ ಕಡಿಮೆ. ಪ್ರಯಾಣಕ್ಕೆಂದು ಮಾತ್ರ ಇಟ್ಟುಕೊಂಡಿದ್ದೇವೆ.

ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ ಎಂದು ನಾವು ಬೇಗನೆ ತೀರ್ಮಾನಿಸಿದೆವು. ದೊಡ್ಡವರ ತಟ್ಟೆಯಲ್ಲಿ ಚಪಾತಿ, ಮಗುವಿನ ತಟ್ಟೆಯಲ್ಲಿ ಪಥ್ಯ ಎಂದಾದರೆ ಪ್ರತಿ ರಾತ್ರಿಯೂ ಒಂದು ಜಗಳ. ನನ್ನ ತಾಯಿಗೆ ಇದನ್ನು ಒಪ್ಪುವುದು ಕಷ್ಟವಾಯಿತು. ‘ಹಬ್ಬದ ದಿನ ಒಂದು ಚೂರು ಒಬ್ಬಟ್ಟು ತಿಂದರೆ ಏನಾಗುತ್ತಪ್ಪ, ಮಗು ಬಾಯಿ ಬಾಯಿ ನೋಡುತ್ತೆ’ ಎಂಬ ಅವರ ಮಾತಿನ ಹಿಂದೆ ಇದ್ದದ್ದು ಅಕ್ಕರೆಯೇ. ನಾವು ಕಂಡ ಪಥ್ಯಗಳೆಲ್ಲ ಬಾಣಂತನದ್ದು, ಕಾಮಾಲೆಯದ್ದು. ಒಂದು ಅವಧಿ ಮುಗಿದರೆ ಮುಗಿಯಿತು. ಇದು ಹಾಗಲ್ಲ, ಒಂದು ಚೂರೂ ಕರುಳನ್ನು ಮತ್ತೆ ಕೆದಕುತ್ತದೆ ಎಂದು ವೈದ್ಯರ ಬಾಯಿಂದಲೇ ಕೇಳಿಸಿದ ಮೇಲೆ ಅವರು ಎಷ್ಟು ಗಟ್ಟಿಯಾದರೆಂದರೆ, ಕಣಕಕ್ಕೆ ಮೈದಾ ಬಿಟ್ಟು ಉಕ್ಕರಿಸಿದ ಅಕ್ಕಿ ಹಿಟ್ಟು ಹಿಡಿದು ಯುಗಾದಿಗೆ ಒಬ್ಬಟ್ಟು ಮಾಡಿಕೊಟ್ಟರು. ಅದು ಸ್ವಲ್ಪ ದಪ್ಪ, ಆದರೆ ಊರ್ಣ ಅದೇ, ಏಲಕ್ಕಿಯ ಘಮವೂ ಅದೇ. ಮೊಮ್ಮಗಳು ಎರಡನ್ನು ಕೇಳಿ ಹಾಕಿಸಿಕೊಂಡಳು.

ಮಗುವಿಗೆ ಕಾಯಿಲೆಯ ವಿಷಯವನ್ನು ಮುಚ್ಚಿಡದೆ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ‘ಇದನ್ನು ಯಾರಪ್ಪ ಕಂಡುಹಿಡಿದದ್ದು?’ ಎಂದು ಅವಳು ಕೇಳಿದಾಗ ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಯ ವಿಷಯ ಹೇಳಿದೆ. ಗೋಧಿಯೇ ಕಾರಣವಿರಬೇಕೆಂಬ ಅನುಮಾನ ಅವರಿಗೆ ಮೊದಲೇ ಇತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬ್ರೆಡ್ಡೇ ಸಿಗದೆ ಜನ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಅವರು ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಅದಕ್ಕೂ ಮೊದಲು, 1924ರಲ್ಲಿ, ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದ್ದರು. ಗುಣವಾಗುತ್ತಿದ್ದದ್ದು ಬಾಳೆಹಣ್ಣಿನಿಂದಲ್ಲ, ಅದರ ಜೊತೆ ಬ್ರೆಡ್ಡು ತಪ್ಪಿದ್ದರಿಂದ. ಆದರೆ ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಬಾಳೆಹಣ್ಣಿನ ಭಾಗ ನನ್ನ ಮಗಳಿಗೆ ಬಹಳ ಹಿಡಿಸಿತು. ಕಾರಣ ತಿಳಿದ ಮೇಲೆ ‘ಅಪ್ಪ ಬೇಡ ಅಂದಿದ್ದಾರೆ’ ಎನ್ನುತ್ತಿದ್ದವಳು ‘ನನಗೆ ಗೋಧಿ ಆಗುವುದಿಲ್ಲ’ ಎನ್ನತೊಡಗಿದಳು. ಶಾಲೆಯಲ್ಲಿ ನಾವು ಜೊತೆಗಿರುವುದಿಲ್ಲವಾದ್ದರಿಂದ ಈ ಬದಲಾವಣೆ ನನಗೆ ಬಹಳ ಮುಖ್ಯ.

ಶಾಲೆಗೆ ಒಂದು ಪತ್ರ ಬರೆದುಕೊಟ್ಟೆವು: ಡಬ್ಬಿ ಹಂಚಿಕೊಳ್ಳುವುದು ಬೇಡ, ಹಿಟ್ಟಿನ ಕ್ಲೇಯಲ್ಲಿ ಗೋಧಿ ಇರಬಹುದಾದ್ದರಿಂದ ಆಡಿದ ಮೇಲೆ ಕೈ ತೊಳೆಸಬೇಕು, ಯಾರದಾದರೂ ಹುಟ್ಟುಹಬ್ಬವಿದ್ದರೆ ಹಿಂದಿನ ದಿನವೇ ತಿಳಿಸಬೇಕು. ತಿಳಿಸಿದ ದಿನ ಕೊಬ್ಬರಿ ಮಿಠಾಯಿಯೋ ಕಡಲೆಹಿಟ್ಟಿನ ಮೈಸೂರುಪಾಕೋ ಅವಳ ಚೀಲದಲ್ಲಿರುತ್ತದೆ, ಗೆಳತಿಯರಿಗೂ ಆಗುವಷ್ಟು.

ಕಳೆದ ತಪಾಸಣೆಯಲ್ಲಿ ಟಿಟಿಜಿ ಇಳಿದಿತ್ತು, ರಕ್ತದ ಮಟ್ಟ ಏರಿತ್ತು, ಹಳೆಯ ಲಂಗ ಮೊಣಕಾಲಿನ ಮೇಲಕ್ಕೆ ಹೋಗಿದೆ. ಸೊಪ್ಪನ್ನು ಈಗಲೂ ಎತ್ತಿ ಬದಿಗಿಡುತ್ತಾಳೆ. ಜೋಳದ ರೊಟ್ಟಿಯ ಪರಿಚಯ ಈ ತಿಂಗಳು ಶುರುವಾಗಿದೆ, ಸದ್ಯಕ್ಕೆ ಅದು ತಟ್ಟೆಯ ಅಂಚಿನಲ್ಲಿ ಕೂರುತ್ತದೆ. ಮುಂದಿನ ವಾರ ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಒಗ್ಗರಣೆ ಅವಲಕ್ಕಿ, ಮೊಸರನ್ನ, ಎರಡು ಬಾಳೆಹಣ್ಣು ಎಂದು ಪಟ್ಟಿಯನ್ನು ಅವಳೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.