ನಾಯಕನೇ ಇಲ್ಲದ ಕೌಬಾಯ್ ಚಿತ್ರದಲ್ಲಿ ನೋಡುವುದೇನನ್ನು?

ನನಗೆ ವೆಸ್ಟರ್ನ್ ಚಿತ್ರಗಳ ಹುಚ್ಚಿದೆಯೆಂದು ತಿಳಿದವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: "ನ್ಯಾಯಕ್ಕಾಗಿ ಹೋರಾಡುವ ನಾಯಕನಿರುವ ಅಷ್ಟೊಂದು ಹಳೆಯ ಕೌಬಾಯ್ ಚಿತ್ರಗಳಿರುವಾಗ, ಎಪ್ಪತ್ತರ ದಶಕದ ಆ ಧೂಳು ಮೆತ್ತಿದ, ನಾಯಕನೇ ಇಲ್ಲದ ಚಿತ್ರಗಳಲ್ಲಿ ನೋಡುವುದಾದರೂ ಏನಿದೆ?" ಇದಕ್ಕೆ ನಾನು ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅದು 1972ರಲ್ಲಿ ಬಂದ 'ದ ಕಲ್ಪೆಪ್ಪರ್ ಕ್ಯಾಟಲ್ ಕಂಪನಿ'. ಜಾಹೀರಾತು ಕ್ಷೇತ್ರದಿಂದ ಬಂದ ಡಿಕ್ ರಿಚರ್ಡ್ಸ್ ನಿರ್ದೇಶಿಸಿದ ಮೊದಲ ಚಿತ್ರ.

ಮೊದಲು ಪದದ ವಿಚಾರ. 'ಕೌಬಾಯ್' ಎಂಬುದನ್ನು ಬಿಡಿಸಿ ನೋಡಿದರೆ ಸಿಗುವವನು ದನ ಕಾಯುವ ಹುಡುಗ. ಓದಿನಲ್ಲಿ ಹಿಂದೆ ಬಿದ್ದವನಿಗೆ "ದನ ಕಾಯೋಕೆ ಹೋಗು" ಎಂದು ಗದರುವ ನಾವು, ಅದೇ ಕೆಲಸದವನು ಅಗಲ ಅಂಚಿನ ಟೋಪಿ ಹಾಕಿ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಪರದೆಯ ಮೇಲೆ ಬಂದರೆ ಶಿಳ್ಳೆ ಹೊಡೆಯುತ್ತೇವೆ. ದ್ವಾರಕೀಶರ 'ಕೌಬಾಯ್ ಕುಳ್ಳ' 1973ರಲ್ಲಿ ತೆರೆ ಕಾಣುವ ಹೊತ್ತಿಗೆ ಕೌಬಾಯ್ ಎಂಬುದು ನಮಗೆ ಒಂದು ವೇಷವಾಗಿತ್ತೇ ಹೊರತು ಕಸುಬಾಗಿರಲಿಲ್ಲ. ತಪ್ಪು ನಮ್ಮದೊಂದೇ ಅಲ್ಲ. 1948ರ 'ರೆಡ್ ರಿವರ್'ನಂತಹ ಕೆಲವನ್ನು ಬಿಟ್ಟರೆ, ಹಾಲಿವುಡ್ಡಿನ ಕೌಬಾಯ್‌ಗಳಿಗೂ ದನಗಳ ಕಡೆ ನೋಡಲು ಪುರುಸೊತ್ತು ಸಿಕ್ಕಿದ್ದು ಕಡಿಮೆ.

ಕಲ್ಪೆಪ್ಪರ್ ಚಿತ್ರದ ಬೆನ್ ಮಾಕ್ರಿಜ್ ಕೂಡ ಆ ವೇಷಕ್ಕೇ ಮರುಳಾದವನು. ಅವನ ಪಾತ್ರ ಮಾಡಿದ ಗ್ಯಾರಿ ಗ್ರೈಮ್ಸ್‌ಗೆ ಚಿತ್ರ ಬಿಡುಗಡೆಯಾದಾಗ ಇನ್ನೂ ಹದಿನಾರು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಟೆಕ್ಸಾಸ್. ನಾಲ್ಕು ಡಾಲರಿನ ಪಿಸ್ತೂಲನ್ನು ಗೆಳೆಯನಿಗೆ ತೋರಿಸಿ ಬೀಗುವ ಹುಡುಗ, ಕೊಲರಾಡೋದ ಫೋರ್ಟ್ ಲೂಯಿಸ್‌ಗೆ ದನಗಳ ಹಿಂಡು ಹೊಡೆದುಕೊಂಡು ಹೊರಟ ಫ್ರಾಂಕ್ ಕಲ್ಪೆಪ್ಪರನನ್ನು ಕಾಡಿ ಬೇಡಿ ಕೆಲಸ ಗಿಟ್ಟಿಸಿಕೊಳ್ಳುತ್ತಾನೆ. ಸಿಕ್ಕಿದ ಕೆಲಸ ಯಾವುದು? ಅಡುಗೆಯವನ ಕೈಯಾಳು. ಆ ಹುದ್ದೆಗೆ ಅವರು ಇಟ್ಟ ಹೆಸರು 'ಲಿಟಲ್ ಮೇರಿ'. ಗಂಡಸಾಗಲು ಮನೆ ಬಿಟ್ಟು ಬಂದವನಿಗೆ ಮೊದಲ ದಿನವೇ ಸಿಕ್ಕಿದ್ದು ಹೆಣ್ಣಿನ ಹೆಸರು. ಅವನ ಉತ್ಸಾಹ ನೋಡಿದ ಅಡುಗೆಯವನು, ಬೇರೆ ಏನೂ ಮಾಡಲು ಬಾರದವನು ಮಾಡುವುದೇ ಕೌಬಾಯ್ ಕೆಲಸ ಎಂಬರ್ಥದ ಮಾತೊಂದನ್ನು ಹೇಳುತ್ತಾನೆ. ಅದನ್ನು ಕೇಳಿದಾಗಲೆಲ್ಲ ನನ್ನ ಕಿವಿಯಲ್ಲಿ ಮೊಳಗುವುದು ನಮ್ಮ ಮೇಷ್ಟರುಗಳ "ದನ ಕಾಯೋಕೆ ಹೋಗು" ಎಂಬ ಬೈಗುಳವೇ.

ಇತಿಹಾಸ ಅಡುಗೆಯವನ ಪರವಾಗಿಯೇ ಇದೆ. 1860ರ ದಶಕದ ಕೊನೆಯಿಂದ ಸುಮಾರು ಎರಡು ದಶಕಗಳ ಕಾಲ ಟೆಕ್ಸಾಸಿನಿಂದ ಉತ್ತರಕ್ಕೆ ಹಿಂಡು ಸಾಗಿಸಿದವರಲ್ಲಿ ಹೆಚ್ಚಿನವರು ಮೀಸೆ ಚಿಗುರುವ ವಯಸ್ಸಿನ, ತಿಂಗಳಿಗೆ ಇಪ್ಪತ್ತೈದರಿಂದ ನಲವತ್ತು ಡಾಲರಿಗೆ ದುಡಿಯುವ ಕೂಲಿಯಾಳುಗಳು. ಎರಡು-ಎರಡೂವರೆ ಸಾವಿರ ದನಗಳಿಗೆ ಹತ್ತು ಹನ್ನೆರಡು ಮಂದಿ. ದಿನಕ್ಕೆ ಹತ್ತು ಹದಿನೈದು ಮೈಲಿಗಿಂತ ಹೆಚ್ಚು ನಡೆಸಿದರೆ ದನ ಸೊರಗಿ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತಿತ್ತು. ಹೊಸಬನಿಗೆ ಸಿಗುತ್ತಿದ್ದದ್ದು ಹಿಂಡಿನ ಬಾಲದ ಜಾಗ, ಅಂದರೆ ಸಾವಿರಾರು ಗೊರಸುಗಳ ಧೂಳನ್ನು ದಿನವಿಡೀ ನುಂಗುವ ಜಾಗ. ರಾತ್ರಿ ಪಾಳಿಯವರು ದನಗಳು ಬೆದರದಿರಲೆಂದು ಅವುಗಳ ಸುತ್ತ ಕುದುರೆಯ ಮೇಲೆ ಮೆಲ್ಲಗೆ ಹಾಡುತ್ತ ಸುತ್ತುತ್ತಿದ್ದರು. ಅಡುಗೆ ಬಂಡಿಯನ್ನು ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ ರೂಪಿಸಿದನೆನ್ನುತ್ತಾರೆ. ಮಲಗುವ ಮುನ್ನ ಅಡುಗೆಯವನು ಅದರ ಮೂಕಿಯನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದನಂತೆ, ಬೆಳಗ್ಗೆ ಮೋಡ ಕವಿದಿದ್ದರೂ ಉತ್ತರ ಯಾವುದೆಂದು ತಿಳಿಯಲಿ ಎಂದು. ಇನ್ನು ಸಾವು ಬರುತ್ತಿದ್ದದ್ದು ಗುಂಡಿಗಿಂತ ಹೆಚ್ಚಾಗಿ ತುಂಬಿದ ಹೊಳೆಯಿಂದ, ಸಿಡಿಲಿನಿಂದ, ಎಡವಿದ ಕುದುರೆಯಿಂದ.

ಹಾಗಾದರೆ ಚಿತ್ರದಲ್ಲಿ ಗುಂಡಿನ ಸದ್ದಿಲ್ಲವೇ ಎಂದರೆ, ಬೇಕಾದಷ್ಟಿದೆ. ಆದರೆ ಗೆದ್ದವನ ಠೀವಿಗಾಗಿ ಕ್ಯಾಮೆರಾ ಅಲ್ಲಿ ಕಾಯುವುದಿಲ್ಲ. ಎಲ್ಲ ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ. ಕಲ್ಪೆಪ್ಪರ್ ಕೆಟ್ಟವನೂ ಅಲ್ಲ, ಒಳ್ಳೆಯವನೂ ಅಲ್ಲ. ಹಿಂಡು ತಲುಪಬೇಕಾದಲ್ಲಿಗೆ ತಲುಪಬೇಕು, ಅಷ್ಟೇ ಅವನ ಧರ್ಮ. ಹುಡುಗನಿಗೆ ಕೆಲಸ ಕಲಿಸಲು ಯಾರಿಗೂ ವ್ಯವಧಾನವಿಲ್ಲ. ಮೊದಲ ನೌಕರಿಯ ಮೊದಲ ತಿಂಗಳನ್ನು ನೆನಪಿಟ್ಟುಕೊಂಡವರಿಗೆ ಈ ಭಾಗವನ್ನು ನಾನು ವಿವರಿಸಬೇಕಾಗಿಲ್ಲ.

ಅದೇ ವರ್ಷ ಜಾನ್ ವೇಯ್ನ್ ನಟಿಸಿದ 'ದ ಕೌಬಾಯ್ಸ್' ಕೂಡ ಬಂತು. ಅಲ್ಲಿಯೂ ದನದ ಹಿಂಡಿದೆ, ಅದನ್ನು ಹೊಡೆದುಕೊಂಡು ಹೋಗಲು ಹನ್ನೊಂದು ಮಂದಿ ಶಾಲಾ ಹುಡುಗರಿದ್ದಾರೆ. ಮುದಿ ಯಜಮಾನನನ್ನು ಕಳ್ಳರು ಕೊಂದಾಗ ಹುಡುಗರು ಉಪಾಯದಿಂದ ಅವರನ್ನೆಲ್ಲ ಕೊಂದು, ಹಿಂಡನ್ನು ಊರು ಮುಟ್ಟಿಸುತ್ತಾರೆ. ಕೊಂದ ಮೇಲೆ ಅವರು ಗಂಡಸರಾದರು ಎಂಬ ಭಾವ ಆ ಚಿತ್ರಕ್ಕಿದೆ. ಚೆನ್ನಾಗಿ ಕಟ್ಟಿದ ಚಿತ್ರವೆಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಭಾವ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳುತ್ತಿದ್ದ ಕಾಲವದು. ಅದೇ ವರ್ಷದ ಮತ್ತೊಂದು ಚಿತ್ರ, ರಾಬರ್ಟ್ ಬೆಂಟನ್‌ನ 'ಬ್ಯಾಡ್ ಕಂಪನಿ', ಅಂತರ್ಯುದ್ಧದ ಸೇನಾ ಭರ್ತಿಯಿಂದ ತಪ್ಪಿಸಿಕೊಂಡು ಪಶ್ಚಿಮಕ್ಕೆ ಓಡಿದ ಹುಡುಗರ ಕಥೆ. ಅದರಲ್ಲಿ ಎಲ್ಲರಿಗಿಂತ ಚಿಕ್ಕವನು ಸಾಯುವುದು ಕಿಟಕಿಯಲ್ಲಿಟ್ಟ ಪೈ ಕದ್ದು ಓಡುವಾಗ.

ಕಲ್ಪೆಪ್ಪರ್ ಚಿತ್ರದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಆ ಕಾಲದ ಕೌಬಾಯ್‌ಗಳಲ್ಲಿ ಸುಮಾರು ಕಾಲುಭಾಗ ಕಪ್ಪು ಜನರಿದ್ದರೆಂಬ ಅಂದಾಜು ಇತಿಹಾಸಕಾರರಲ್ಲಿದೆ. ಮೆಕ್ಸಿಕೋದವರೂ ಬಹಳ ಮಂದಿ ಇದ್ದರು, ಲ್ಯಾಸೋ (ದನ ಹಿಡಿಯುವ ಕುಣಿಕೆ ಹಗ್ಗ), ರೋಡಿಯೋ (ಕೌಬಾಯ್‌ಗಳ ಪಂದ್ಯ) ಎಂಬ ಪದಗಳೇ ಅವರ ಸ್ಪ್ಯಾನಿಷ್‌ನಿಂದ ಬಂದವು. ಆ ಸತ್ಯವನ್ನು ಈ ಚಿತ್ರ ಸರಿಯಾಗಿ ಮುಟ್ಟುವುದಿಲ್ಲ. ಅಡುಗೆ ಬಂಡಿಯ ಮೇಲೆ ಕಪ್ಪು ನಟ ರಾಸ್ಕೋ ಲೀ ಬ್ರೌನ್ ಅವರನ್ನು ಕೂರಿಸಿದ ವೇಯ್ನ್ ಚಿತ್ರವೇ ಈ ವಿಷಯದಲ್ಲಿ ಮೇಲು. ಕೊನೆಯ ತಿರುವೂ ಸ್ವಲ್ಪ ಅವಸರದ್ದು: ದೈವಭಕ್ತ ವಲಸಿಗರ ಗುಂಪೊಂದನ್ನು ಅಲ್ಲಿನ ಜಮೀನ್ದಾರ ಓಡಿಸಲು ಬಂದಾಗ, ಬೆನ್ ಅವರ ಜೊತೆ ನಿಲ್ಲುತ್ತಾನೆ, ಅಷ್ಟು ಹೊತ್ತು ಯಾವ ದಯೆಯನ್ನೂ ತೋರದ, ಕಲ್ಪೆಪ್ಪರನ ತಂಡದ ನಾಲ್ವರು ಬಂದೂಕುಗಾರರು ಹಿಂಡನ್ನು ಬಿಟ್ಟು ಅವನಿಗಾಗಿ ವಾಪಸು ಬರುತ್ತಾರೆ. ಇದನ್ನು ನಾನು ಪೂರ್ತಿ ನಂಬಲಾರೆ.

ಆದರೆ ಅದರ ನಂತರದ ಕೆಲವು ನಿಮಿಷಗಳಿಗಾಗಿ ಆ ತಿರುವನ್ನು ಕ್ಷಮಿಸುತ್ತೇನೆ. ಆ ನಾಲ್ವರೂ ಸಾಯುತ್ತಾರೆ, ಜಮೀನ್ದಾರನೂ ಅವನ ಆಳುಗಳೂ ಸಾಯುತ್ತಾರೆ. ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಆ ವಲಸಿಗರು, ರಕ್ತ ಬಿದ್ದ ನೆಲ ತಮಗೆ ಬೇಡವೆಂದು ಗಂಟುಮೂಟೆ ಕಟ್ಟುತ್ತಾರೆ. ಬೆನ್ ಅವರನ್ನು ತಡೆದು, ಹೆಣಗಳನ್ನು ಹೂಳಿಸುತ್ತಾನೆ. ಆಮೇಲೆ ನಾಲ್ಕು ಡಾಲರಿನ ಮೋಹದಿಂದ ಶುರುವಾದ ಆ ಬಂದೂಕಿನ ಸಹವಾಸವನ್ನು ಅಲ್ಲೇ ನೆಲಕ್ಕೆ ಎಸೆದು, ಕುದುರೆಯೇರಿ ಒಬ್ಬನೇ ಹೊರಡುತ್ತಾನೆ.