ಮಾತು ಮೀರುವ ನಾಯಿ

ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಧ್ಯಾಹ್ನದ ಊಟಕ್ಕೆ ಹೊರಗೆ ಬಂದಾಗ ಒಂದು ದೃಶ್ಯ ಆಗಾಗ ಕಣ್ಣಿಗೆ ಬೀಳುತ್ತಿತ್ತು. ಬೆನ್ನಿಗೆ ಪಟ್ಟಿ, ಅದರ ಮೇಲೊಂದು ಗಟ್ಟಿಯಾದ ಹಿಡಿಕೆ ಬಿಗಿಸಿಕೊಂಡ ನಾಯಿಯೊಂದು ತರಬೇತುದಾರನ ಎಡಗಡೆ ನಡೆದು ಬರುತ್ತದೆ. ಇಬ್ಬರೂ ರಸ್ತೆಗಿಳಿಯುವಷ್ಟರಲ್ಲಿ ಎಲ್ಲಿಂದಲೋ ಕಾರೊಂದು ಸರಕ್ಕನೆ ಅಡ್ಡ ತಿರುಗುತ್ತದೆ. ನಾಯಿ ಗಕ್ಕನೆ ನಿಂತು ಹಿಂದಕ್ಕೆ ಜಗ್ಗುತ್ತದೆ. ಎಂಥ ಹೊಣೆಗೇಡಿ ಚಾಲಕಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಮೂರನೆಯ ಸಲವೂ ಅದೇ ಕಾರು, ಅದೇ ಹೆಂಗಸು ಕಂಡಾಗಲಷ್ಟೇ, ಆಕೆಯೂ ಆ ನಾಯಿಗೆ ತರಬೇತಿ ಕೊಡುವ ಶಾಲೆಯವಳು, ಅಡ್ಡ ಬರುವುದೇ ಆಕೆಯ ಕೆಲಸ ಎಂಬುದು ಹೊಳೆದದ್ದು.

ಆ ಶಾಲೆಯ ಹೆಸರು ಸೀಯಿಂಗ್ ಐ. ದೃಷ್ಟಿಯಿಲ್ಲದವರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಈ ಸಂಸ್ಥೆ 1929ರಲ್ಲಿ ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ನ್ಯೂಜೆರ್ಸಿಗೆ ಬಂದು ನೆಲೆಸಿತು. ಸ್ಥಾಪಕರಲ್ಲೊಬ್ಬನಾದ ಮಾರಿಸ್ ಫ್ರಾಂಕ್ ಮತ್ತು ಅವನ ನಾಯಿ ಬಡಿಯ ಕಂಚಿನ ಪ್ರತಿಮೆ ಊರ ನಡುವಿನ ಮೈದಾನದ ಬಳಿ ಇದೆ. ಅವನ ಕಥೆ ಕೇಳುವಂಥದ್ದು. ಬಾಲ್ಯದಲ್ಲಿ ಒಂದು ಕಣ್ಣನ್ನೂ ಹದಿಹರೆಯದಲ್ಲಿ ಇನ್ನೊಂದನ್ನೂ ಅಪಘಾತಗಳಲ್ಲಿ ಕಳೆದುಕೊಂಡಿದ್ದ ಈ ತರುಣನಿಗೆ 1927ರ ನವೆಂಬರ್‌ನಲ್ಲಿ ತಂದೆ ಒಂದು ಪತ್ರಿಕಾ ಲೇಖನ ಓದಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಜರ್ಮನ್ ಸೈನಿಕರಿಗೆ ನಾಯಿಗಳು ದಾರಿ ತೋರಿಸುತ್ತಿರುವ ಬಗ್ಗೆ, ಸ್ವಿಟ್ಜರ್ಲೆಂಡಿನಲ್ಲಿ ಶೆಫರ್ಡ್ ತಳಿಯ ನಾಯಿಗಳನ್ನು ಸಾಕುತ್ತಿದ್ದ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ ಬರೆದದ್ದು ಅದು. ಫ್ರಾಂಕ್ ಆಕೆಗೆ ಪತ್ರ ಬರೆದು, ಹಡಗು ಹತ್ತಿಯೇಬಿಟ್ಟ. ಹೋಗುವಾಗ ಅವನನ್ನು ಒಂಟಿಯಾಗಿ ಬಿಡಲೊಪ್ಪದೆ ಪಾರ್ಸೆಲಿನ ಹಾಗೆ ಒಬ್ಬರ ಸುಪರ್ದಿಯಿಂದ ಇನ್ನೊಬ್ಬರ ಸುಪರ್ದಿಗೆ ದಾಟಿಸಿದ್ದರಂತೆ. ಬರುವಾಗ ಜೊತೆಗೆ ಬಡಿ ಇದ್ದಳು. (ಅವಳ ಮೂಲ ಹೆಸರು ಕಿಸ್, ನಡುರಸ್ತೆಯಲ್ಲಿ ಹಾಗೆ ಕೂಗಲು ನಾಚಿಕೊಂಡು ಅವನು ಹೆಸರನ್ನೇ ಬದಲಾಯಿಸಿದ.) 1928ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ, ವಾಹನಗಳಿಂದ ತುಂಬಿದ್ದ ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸು ಎಂದು ಪತ್ರಕರ್ತರು ಸವಾಲು ಹಾಕಿದರು. ಅವನು ದಾಟಿದ. ಅಂದು ಯೂಸ್ಟಿಸ್‌ಗೆ ಅವನು ಕಳಿಸಿದ ತಂತಿಯಲ್ಲಿ ಇದ್ದದ್ದು ಒಂದೇ ಪದ: ಯಶಸ್ಸು.

ಇಂಥ ನಾಯಿಗಳ ಬಗ್ಗೆ ನಮ್ಮಲ್ಲಿ ಮಾತು ಬಂದರೆ ನಿಯತ್ತು, ವಿಧೇಯತೆ ಎಂಬ ಪದಗಳು ತಾವಾಗಿ ನಾಲಿಗೆಗೆ ಬರುತ್ತವೆ. ಆದರೆ ಬರೀ ವಿಧೇಯವಾದ ನಾಯಿ ಈ ಕೆಲಸಕ್ಕೆ ಅಪಾಯಕಾರಿ. ನಾಯಿಗೆ ಸಿಗ್ನಲ್‌ ದೀಪದ ಅರ್ಥವೂ ಗೊತ್ತಿಲ್ಲ, ಹೋಗಬೇಕಾದ ವಿಳಾಸವೂ ಗೊತ್ತಿಲ್ಲ. ದಾರಿಯ ನಕ್ಷೆ ಮನುಷ್ಯನ ತಲೆಯಲ್ಲಿರುತ್ತದೆ. ವಾಹನಗಳ ಸದ್ದು ಆಲಿಸಿ, ಈಗ ದಾಟಬಹುದೆಂದು ತೀರ್ಮಾನಿಸಿ ‘ಫಾರ್ವರ್ಡ್’ ಎನ್ನುವವನೂ ಮನುಷ್ಯನೇ. ಆ ಅಪ್ಪಣೆ ಪಾಲಿಸಿದರೆ ಕೆಡುಕು ಎಂದು ಕಂಡಾಗ ಕದಲದೆ ನಿಲ್ಲುವುದು ನಾಯಿಯ ಪಾಲಿನ ಕೆಲಸ. ತರಬೇತುದಾರರು ಇದನ್ನು ವಿವೇಕದ ಅವಿಧೇಯತೆ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಮೊದಲು ಮಾತು ಕೇಳುವುದನ್ನು ಕಲಿಸಿ, ಆಮೇಲೆ ಯಾವಾಗ ಕೇಳಬಾರದೆಂಬುದನ್ನು ಸುಮಾರು ನಾಲ್ಕು ತಿಂಗಳೊಳಗೆ ಕಲಿಸುವುದು ಹೇಗೆಂದು ಯೋಚಿಸಿದಾಗ ನನಗೆ ಇಂದಿಗೂ ಬೆರಗಾಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ಎತ್ತರದ ಲೆಕ್ಕ. ಮನುಷ್ಯನ ಹಣೆಯ ಮಟ್ಟದಲ್ಲಿ ಬಾಗಿದ ಕೊಂಬೆಯಿಂದ ನಾಯಿಗೆ ಯಾವ ತೊಂದರೆಯೂ ಇಲ್ಲ. ಅದು ಆರಾಮಾಗಿ ಅಡಿಯಿಂದ ನುಸುಳಿ ಹೋಗಬಲ್ಲದು. ಆದರೂ ತನ್ನದಲ್ಲದ ಎತ್ತರವನ್ನು ತನ್ನದೆಂದೇ ಬಗೆದು, ತನ್ನ ಮೈ ಹಿಡಿಸುವ ಸಂದಿಯಲ್ಲಿ ಇಬ್ಬರೂ ಹಿಡಿಸುತ್ತಾರೆಯೇ ಎಂದು ಅಳೆದು ನಡೆಯಬೇಕು.

ನನ್ನ ಸಹೋದ್ಯೋಗಿಯೊಬ್ಬರು ಹುಬ್ಬಳ್ಳಿ ಕಡೆಯವರು. ನಡುವಯಸ್ಸಿನಲ್ಲಿ ದೃಷ್ಟಿ ಹೋಯಿತು. ಅವರಿಗೆ ಇದೇ ಶಾಲೆಯಿಂದ ಕಪ್ಪು ಲ್ಯಾಬ್ರಡಾರ್ ಒಂದು ಬಂದಿದೆ. ಕೊಡುವ ಮೊದಲು ತರಬೇತುದಾರರೇ ಹಿಡಿಕೆಯ ಮುಂಭಾಗ ಹಿಡಿದು, ತಾವೇ ನಾಯಿಯಾಗಿ ಇವರನ್ನು ಬೀದಿಯಲ್ಲಿ ಎಳೆದುಕೊಂಡು ನಡೆದರಂತೆ. ಇವರ ನಡಿಗೆಯ ವೇಗವೆಷ್ಟು, ಎಷ್ಟು ಸೆಳೆತ ಒಗ್ಗುತ್ತದೆ ಎಂದು ನೋಡಿ ಜೋಡಿ ಕೂಡಿಸುವುದಕ್ಕಾಗಿ. ಹೆಣ್ಣು ಗಂಡಿನ ಜಾತಕ ನೋಡುವವರು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಅವರು ನಗುತ್ತಾರೆ. ಮೊದಲ ನಾಯಿಗೆ ಶುಲ್ಕ 150 ಡಾಲರ್. 1930ರ ದಶಕದಿಂದ ಅದು ಬದಲಾಗಿಲ್ಲ.

ಒಮ್ಮೆ ನಾವಿಬ್ಬರೂ ಊಟಕ್ಕೆ ಹೋದಾಗ, ಒಂದು ಹೋಟೆಲಿನಲ್ಲಿ ನಮ್ಮ ದೇಶದವರೇ ಬಾಗಿಲಲ್ಲಿ ತಡೆದು, ನಾಯಿಗೆ ಪ್ರವೇಶವಿಲ್ಲ ಎಂದರು. ಇಲ್ಲಿನ ಕಾನೂನಿನ ಪ್ರಕಾರ ಹಾಗೆ ತಡೆಯುವಂತಿಲ್ಲ. ನಾನು ದನಿಯೇರಿಸುವ ಮೊದಲೇ ಗೆಳೆಯರು ಸಮಾಧಾನದಿಂದ, “ಧರ್ಮರಾಯನಿಗೂ ಬಾಗಿಲಲ್ಲಿ ಹಿಂಗ ಹೇಳಿದ್ರು, ಕಡೀಗೆ ಒಳಗ ಬಿಟ್ರಲ್ಲ” ಎಂದರು. ಬಿಟ್ಟರು. ನಾಯಿ ಮೇಜಿನ ಕೆಳಗೆ ಒಂದು ಗಂಟೆ ಉಸಿರೆತ್ತದೆ ಮಲಗಿತ್ತು. ಪಕ್ಕದಲ್ಲೇ ಬಿದ್ದ ಪೂರಿಯ ಚೂರನ್ನು ನೋಡಿತೇ ಹೊರತು ಮುಟ್ಟಲಿಲ್ಲ.

ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಆ ಊಟ ಮುಗಿಸಿ ಮರಳುವಾಗ ನಡೆದದ್ದು. ನಾನು ಫೋನಿನಲ್ಲಿ ಮಾತಾಡುತ್ತ ಹತ್ತು ಹೆಜ್ಜೆ ಹಿಂದಿದ್ದೆ. ನಿತ್ಯದ ಪಾದಚಾರಿ ಮಾರ್ಗದಲ್ಲಿ ನಾಯಿ ಒಮ್ಮೆಲೇ ನಿಂತಿತು. ಗೆಳೆಯರು ‘ಫಾರ್ವರ್ಡ್’ ಎಂದರು. ನಾಯಿ ಕದಲಲಿಲ್ಲ. ಎರಡನೆಯ ಸಲ ತುಸು ಗಡುಸಾಗಿ ಹೇಳಿದರು. ಅದು ಅವರ ಮೊಣಕಾಲಿಗೆ ಅಡ್ಡವಾಗಿ ಮೈ ತಿರುಗಿಸಿ ನಿಂತುಬಿಟ್ಟಿತು. ನೆಲವೆಲ್ಲ ಚೊಕ್ಕಟವಾಗಿತ್ತು, ನನಗೂ ಏನೂ ಕಾಣಲಿಲ್ಲ. ಗೆಳೆಯರು ಬಲಗೈಯನ್ನು ಮೆಲ್ಲನೆ ಮುಖದ ಮುಂದೆ ಚಾಚಿದರು. ಬಣ್ಣ ಬಳಿಯುವವರು ಬೆಳಿಗ್ಗೆ ಕಟ್ಟಿದ್ದ ಅಟ್ಟಣಿಗೆಯ ಕಬ್ಬಿಣದ ಕೊಳವೆ, ಸರಿಯಾಗಿ ಹುಬ್ಬಿನ ಎತ್ತರದಲ್ಲಿ, ಬೆರಳಿಗೆ ತಾಗಿತು. ಅದನ್ನು ಎರಡು ಸಲ ಸವರಿ ನೋಡಿದರು, ಬಗ್ಗಿ ನಾಯಿಯ ಕಿವಿಯ ಹಿಂದೆ ಕೆರೆದು “ಶಾಣ್ಯಾ” ಎಂದರು. ಆಮೇಲೆ ಅದು ಅವರನ್ನು ಸುತ್ತುಹಾಕಿಸಿ ಕರೆದೊಯ್ಯಿತು. ಫೋನು ಹಿಡಿದುಕೊಂಡೇ ನಡೆದಿದ್ದ ನಾನು ಮಾತ್ರ ಆ ಕೊಳವೆಯ ಮುಂದೆ ತಲೆ ಬಗ್ಗಿಸಬೇಕಾಯಿತು.