ರಿಟರ್ನ್ ನಾವೇ ತುಂಬಬೇಕೆ, ಶುಲ್ಕ ಕೊಟ್ಟು ತುಂಬಿಸಬೇಕೆ?

ಸಂಬಳವೊಂದನ್ನೇ ನಂಬಿದ ನೌಕರರು ಆದಾಯ ತೆರಿಗೆ ರಿಟರ್ನ್ ತುಂಬಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಲಬುರಗಿಯಲ್ಲಿ ಅಂಥವರು ಎಷ್ಟು ಮಂದಿ? ನಮ್ಮ ಕಾಲೇಜಿನ ಸಹೋದ್ಯೋಗಿಗಳಲ್ಲಿ ಹಲವರಿಗೆ ಸೇಡಂ, ಜೇವರ್ಗಿ, ಚಿಂಚೋಳಿ ಕಡೆ ಪಿತ್ರಾರ್ಜಿತ ಹೊಲವಿದ್ದು, ತೊಗರಿ ಮಾರಿದ ಹಣ ವರ್ಷಕ್ಕೊಮ್ಮೆ ಅವರ ಖಾತೆಗೆ ಬೀಳುತ್ತದೆ.

ಮೊದಲು ಸುಲಭದ ಪ್ರಕರಣವನ್ನು ನೋಡೋಣ. ನನ್ನ ಪತ್ನಿಗೆ ಸಂಬಳ ಮತ್ತು ಬ್ಯಾಂಕಿನ ಬಡ್ಡಿ ಬಿಟ್ಟರೆ ಬೇರೆ ಆದಾಯವಿಲ್ಲ. ಅವರ ಐಟಿಆರ್-1 ಅನ್ನು, ಅಂದರೆ ಸರಳ ಆದಾಯದವರ ರಿಟರ್ನ್ ಫಾರ್ಮನ್ನು, ನಾವೇ ತುಂಬುತ್ತೇವೆ. ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಬಗ್ಗೆ ಸಂಸ್ಥೆ ಕೊಡುವ ಫಾರ್ಮ್ 16 ಕೈಗೆ ಬಂದ ಮೇಲೆ ಅದನ್ನು ನಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಮತ್ತು ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯೊಂದಿಗೆ ಹೋಲಿಸಿ ನೋಡುವುದೇ ಇದರಲ್ಲಿರುವ ದೊಡ್ಡ ಕೆಲಸ. ಠೇವಣಿಯ ಬಡ್ಡಿಗೆ ಬ್ಯಾಂಕು ಶೇ. 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದೆ, ಅಲ್ಲಿಗೆ ಲೆಕ್ಕ ಮುಗಿಯಿತು ಎಂದು ತಿಳಿದವರು ಬಹಳ, ಆದರೆ ಶೇ. 20ರ ತೆರಿಗೆ ಹಂತದಲ್ಲಿರುವವರು ಉಳಿದ ತೆರಿಗೆಯನ್ನು ತಾವೇ ಕಟ್ಟಬೇಕಾಗುತ್ತದೆ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಓಟಿಪಿಯ ಮೂಲಕವೋ ಬೇರೆ ವಿಧಾನದಿಂದಲೋ ದೃಢೀಕರಿಸುವುದನ್ನು ಮರೆಯಬಾರದು.

ಹೊಲದ ಆದಾಯ ಸೇರಿದಾಗ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಐಟಿಆರ್-1 ಬಳಸುವಂತಿಲ್ಲ. ಸಂಬಳದಾರರು ಐಟಿಆರ್-2ಕ್ಕೆ ಹೋಗಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂಬುದು ನಿಜವಾದರೂ, ಉಳಿದ ಆದಾಯದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸುವಾಗ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. 2025-26ರ ಹೊಸ ಪದ್ಧತಿಯ ದರಗಳಲ್ಲಿ, ಕಡಿತಗಳೆಲ್ಲ ಹೋಗಿ 14 ಲಕ್ಷ ಸಂಬಳದ ಆದಾಯ ಉಳಿದವರಿಗೆ ಸೆಸ್ ಬಿಟ್ಟು 90,000 ರೂಪಾಯಿ ತೆರಿಗೆ ಬರುತ್ತದೆ. ಅವರಿಗೇ 3 ಲಕ್ಷ ಕೃಷಿ ಆದಾಯವೂ ಇದ್ದರೆ, 17 ಲಕ್ಷಕ್ಕೆ ಬರುವ 1,40,000ದಿಂದ 7 ಲಕ್ಷಕ್ಕೆ (3 ಲಕ್ಷ ಕೃಷಿ ಆದಾಯ ಮತ್ತು ತೆರಿಗೆ ಇಲ್ಲದ ಮೊದಲ 4 ಲಕ್ಷ ಸೇರಿ) ಬರುವ 15,000 ಕಳೆದು 1,25,000 ಕಟ್ಟಬೇಕು. ಈ 3 ಲಕ್ಷವೆಂಬುದು ಬೀಜ, ಗೊಬ್ಬರ, ಕೂಲಿಯ ಖರ್ಚು ಹೋಗಿ ಉಳಿದ ಮೊತ್ತವಾಗಿರಬೇಕಾದ್ದರಿಂದ, ನೆಹರು ಗಂಜಿನ ಅಡತಿ ಅಂಗಡಿಯವರು ಕೊಟ್ಟ ಪಟ್ಟಿಯಿಂದ ಹಿಡಿದು ಕಳೆ ತೆಗೆದವರ ಕೂಲಿಯವರೆಗೆ ಬರೆದಿಟ್ಟ ಲೆಕ್ಕ ಬೇಕಾಗುತ್ತದೆ. ಯಾವ ಖರ್ಚನ್ನು ಇಲಾಖೆ ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂದು ತೂಗಿ ಹೇಳುವ ಸಲಹೆಗಾರರಿಗೆ ಕೊಡುವ ಶುಲ್ಕ ನನಗೆ ದುಬಾರಿ ಎನಿಸಿಲ್ಲ. ಹಿಂಬಾಕಿ ವೇತನ ಬಂದ ವರ್ಷವೂ ಹಾಗೆಯೇ: ರಿಟರ್ನಿಗಿಂತ ಮೊದಲು ಫಾರ್ಮ್ 10ಇ ಸಲ್ಲಿಸದಿದ್ದರೆ ಹಿಂದಿನ ವರ್ಷಗಳ ಸಂಬಳ ಒಮ್ಮೆಗೇ ಬಂದು ಹೆಚ್ಚುವ ತೆರಿಗೆಗೆ ಕಲಂ 89ರಡಿ ಸಿಗುವ ಪರಿಹಾರ ಕೈತಪ್ಪುತ್ತದೆ.

ಆದರೆ ಸಿಗುವ ರಿಫಂಡಿನಲ್ಲಿ ಇಂತಿಷ್ಟು ಪಾಲು ಕೊಡಿ ಎನ್ನುವ ಮಧ್ಯವರ್ತಿಗಳು ಬೇರೆ ಬಗೆಯವರು. ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಬಾಡಿಗೆ ತೋರಿಸುವುದೇ ಅವರ ವಿದ್ಯೆ. ಇಂಥ ಸುಳ್ಳು ಕಡಿತಗಳ ಬಗ್ಗೆ ಆದಾಯ ತೆರಿಗೆ ಇಲಾಖೆ 2025ರ ಜುಲೈ 14ರಂದು ದೇಶದ ಹಲವೆಡೆ ತಪಾಸಣೆ ನಡೆಸಿತು. ಕೆಲವು ಮಧ್ಯವರ್ತಿಗಳು ರಿಟರ್ನ್ ತುಂಬುವುದಕ್ಕೆಂದೇ ತಾತ್ಕಾಲಿಕ ಇಮೇಲ್ ವಿಳಾಸಗಳನ್ನು ಸೃಷ್ಟಿಸಿ ಆಮೇಲೆ ಕೈಬಿಡುತ್ತಿದ್ದರಿಂದ, ಇಲಾಖೆಯ ನೋಟಿಸುಗಳನ್ನು ತೆರೆದು ನೋಡುವವರೇ ಇರುತ್ತಿರಲಿಲ್ಲ ಎಂದು ಆಗ ತಿಳಿಸಲಾಯಿತು. ಆದಾಯವನ್ನು ತಪ್ಪಾಗಿ ತೋರಿಸಿದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು. ಅದು ಬೀಳುವುದು ರಿಟರ್ನ್ ದೃಢೀಕರಿಸಿದ ನಮ್ಮ ಮೇಲೆ.

ಆದ್ದರಿಂದ ನನ್ನ ರಿಟರ್ನನ್ನು ಸಲಹೆಗಾರರೇ ತುಂಬಿದರೂ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನನ್ನವೇ ಇರುತ್ತವೆ. ಲೆಕ್ಕದ ಹಾಳೆಯನ್ನು ಮೊದಲೇ ತರಿಸಿಕೊಂಡು, ಕಡಿತದ ಒಂದೊಂದು ಸಾಲಿಗೂ ನನ್ನಲ್ಲಿ ರಸೀದಿ ಇದೆಯೇ ಎಂದು ನೋಡಿದ ನಂತರವೇ ಓಟಿಪಿ ಹೇಳುತ್ತೇನೆ. ‘ಅದೆಲ್ಲಾ ನಿಮಗ್ಯಾಕ್ರೀ ಸರ್, ನಾವ್ ನೋಡ್ಕೋತೀವಿ’ ಎಂದು ಒಬ್ಬರು ಹಾಳೆ ಕೊಡಲು ಹಿಂದೆಮುಂದೆ ನೋಡಿದಾಗ, ಆ ವರ್ಷದ ಕಾಗದಗಳನ್ನು ವಾಪಸು ಪಡೆದು ಬೇರೆಯವರ ಬಳಿಗೆ ಹೋದೆ.